ಶಾಲೆಯಲ್ಲಿ ಮಾತಿಲ್ಲ, ಸಂಜೆ ಜೊತೆಯಲ್ಲೇ ಆಟ

ಪ್ರಶ್ನೆ: ನಾವು ಚಿಂತಾಮಣಿ ಹತ್ತಿರದ ಹಳ್ಳಿಯವರು. ಮಗ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಪಕ್ಕದ ಮನೆ ಹುಡುಗಿಯೂ ಅದೇ ಕ್ಲಾಸು, ಅಂಗನವಾಡಿಯಿಂದ ಇಬ್ಬರೂ ಜೊತೆ. ಈಗ ಹುಡುಗರು ‘ಗಂಡ-ಹೆಂಡ್ತಿ’ ಅಂತ ರೇಗಿಸುತ್ತಾರಂತೆ, ಇವನು ಶಾಲೆಯಲ್ಲಿ ಅವಳನ್ನು ಮಾತೇ ಆಡಿಸುವುದಿಲ್ಲ. ಸಂಜೆಯಾದರೆ ಇಬ್ಬರೂ ಚೌಕಾಬಾರ ಹಾಕಿಕೊಂಡು ಕೂರುತ್ತಾರೆ! ಇನ್ನು ಸಾಕು, ಬಿಡಿಸು ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ಬಿಡಿಸಬೇಡಿ ಅಮ್ಮ. ಅವನು ಸ್ನೇಹ ಬಿಟ್ಟಿಲ್ಲ, ಶಾಲೆಯಲ್ಲಿ ಬಚ್ಚಿಟ್ಟಿದ್ದಾನೆ ಅಷ್ಟೆ. ಬ್ಯಾರಿ ಥಾರ್ನ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞೆ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳನ್ನು ಗಮನಿಸಿ 1993ರಲ್ಲಿ ಬರೆದದ್ದರಲ್ಲೂ ಇದೇ ಇದೆ: ಬೀದಿಯಲ್ಲಿ ಗೆಳೆಯರಾಗಿರುವ ಹುಡುಗ ಹುಡುಗಿ ಶಾಲೆಯಲ್ಲಿ ಅದನ್ನು ತೋರಿಸಿಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿ ನೋಡುವವರು ಜಾಸ್ತಿ, ರೇಗಿಸುವವರೂ ಜಾಸ್ತಿ.

ನಾಲ್ಕನೇ ಕ್ಲಾಸಿಗೇ ಯಾಕೆ ಶುರುವಾಯಿತು ಅಂತ ನಿಮಗೆ ಅನ್ನಿಸಬಹುದು. ಈ ವಯಸ್ಸಿನಲ್ಲಿ ಹುಡುಗರು ಹುಡುಗರ ಜೊತೆ, ಹುಡುಗಿಯರು ಹುಡುಗಿಯರ ಜೊತೆ ಸೇರುವುದು ಎಲ್ಲ ಕಡೆ ಇರುವಂಥದ್ದೇ. ಅದರ ಜೊತೆಗೆ, ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ನಲಿ-ಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿ; ಅದರಲ್ಲಿ ಮಕ್ಕಳು ‘ತಟ್ಟೆ’ ಅನ್ನುವ ಕಲಿಕೆಯ ಗುಂಪುಗಳಲ್ಲಿ ಬೆರೆತು ಕೂರುತ್ತಾರೆ. ನಾಲ್ಕಕ್ಕೆ ಬಂದರೆ ಎಷ್ಟೋ ಕಡೆ ಹುಡುಗರು ಈ ಸಾಲು, ಹುಡುಗಿಯರು ಆ ಸಾಲು. ಸಾಲದ್ದಕ್ಕೆ ‘ಗಲಾಟೆ ಮಾಡಿದರೆ ಹುಡುಗಿಯರ ಪಕ್ಕ ಕೂರಿಸ್ತೀನಿ’ ಅನ್ನುವ ಮೇಷ್ಟ್ರುಗಳಿದ್ದಾರೆ. ಹುಡುಗಿ ಪಕ್ಕ ಕೂರುವುದೇ ಶಿಕ್ಷೆ ಅಂದಮೇಲೆ ಮಕ್ಕಳು ರೇಗಿಸದೆ ಇನ್ನೇನು ಮಾಡುತ್ತಾರೆ? ಪೋಷಕರ ಸಭೆಯಲ್ಲಿ ಇದನ್ನು ಕೇಳಿ. ಬಿಸಿಯೂಟ ಬಡಿಸುವುದಕ್ಕೆ, ಕೈತೋಟಕ್ಕೆ ನೀರು ಹಾಕುವುದಕ್ಕೆ ಹುಡುಗರು ಹುಡುಗಿಯರನ್ನು ಸೇರಿಸಿ ಗುಂಪು ಮಾಡಿದರೆ ಸಾಕು, ಕೆಲಸದ ನಡುವೆ ಮಾತು ತಾನಾಗಿ ಬರುತ್ತದೆ.

ದೊಡ್ಡವರ ಬಾಯಿಯೂ ಕಮ್ಮಿ ಇಲ್ಲ. ನೆಂಟರು ಬಂದಾಗ ‘ಏನಪ್ಪಾ, ನಿನ್ನ ಹೆಂಡ್ತಿ ಬಂದಳು ನೋಡು’ ಅಂತ ಸುಮ್ನೆ ತಮಾಷೆ ಮಾಡುತ್ತಾರಲ್ವಾ? ಶಾಲೆಯ ಹುಡುಗರಿಗೆ ಈ ಮಾತು ಇಂಥ ಮನೆಗಳಿಂದಲೇ ಸಿಕ್ಕಿದ್ದು. ಮೊದಲು ಅದು ನಿಲ್ಲಲಿ.

ಶಾಲೆಯಲ್ಲಿ ಅವಳ ಜೊತೆ ಮಾತಾಡು ಅಂತ ಮಗನಿಗೆ ಬಲವಂತ ಬೇಡ. ರೇಗಿಸಿದವರಿಗೆ ‘ಹೌದು, ನನ್ನ ಫ್ರೆಂಡು, ಏನೀಗ?’ ಅಂದು ಆಟಕ್ಕೆ ಹೋಗಿಬಿಡು ಅನ್ನಿ. ಆದರೆ ಅವಳನ್ನು ಅಣಕಿಸುವವರ ಜೊತೆ ಸೇರಿ ನಗಬಾರದು, ಇದನ್ನು ಖಡಕ್ಕಾಗಿ ಹೇಳಿ.

ಅತ್ತೆಗೆ ಭಯ ಇರುತ್ತದೆ, ಅದು ತಪ್ಪಲ್ಲ. ಎಲ್ಲರ ಕಣ್ಣಿಗೆ ಕಾಣುವ ಜಗಲಿ ಮೇಲೆ ಆಡಲಿ. ಯಾರು ಎಲ್ಲಿ ಮುಟ್ಟಬಾರದು ಅನ್ನುವ ಪಾಠ ಗೆಳೆಯರೆಲ್ಲ ಹುಡುಗರೇ ಆಗಿದ್ದರೂ ಬೇಕೇ ಬೇಕು. ಒಂದು ಯೋಚನೆ ಮಾಡಿ: ಆಟ ಬಿಡಿಸಿದರೆ ನಿಮ್ಮ ಮಗ ಕ್ರಿಕೆಟ್‌ಗೆ ಹೋಗುತ್ತಾನೆ, ಆ ಹುಡುಗಿ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕೂರುತ್ತಾಳೆ. ಅವಳ ತಾಯಿ ಹತ್ತಿರವೂ ಮಾತಾಡಿ, ರೇಗಿಸುವ ಮಾತಿನ ಪೆಟ್ಟು ಆ ಹುಡುಗಿಗೇ ಹೆಚ್ಚು ಬಿದ್ದಿರಬಹುದು. ಇಬ್ಬರಲ್ಲಿ ಯಾರಾದರೂ ಬೆಳಗ್ಗೆ ಹೊಟ್ಟೆನೋವು, ಶಾಲೆಗೆ ಹೋಗಲ್ಲ ಅನ್ನಲು ಶುರು ಮಾಡಿದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ ಟೀಚರ್‌ಗೆ ಹೇಳಿ.