ದಿನಾ ಪ್ರಾರ್ಥನೆ ಮಾಡಿದರೂ ಮಗನಿಗೆ ಗಣಿತದಲ್ಲಿ ಮಾರ್ಕ್ಸ್ ಬರುತ್ತಿಲ್ಲ, ನಮ್ಮ ನಂಬಿಕೆ ಕಮ್ಮಿಯಾ?

ಅಕ್ಕಾ (ವಯಸ್ಸು ಗೊತ್ತಿಲ್ಲ, ಅಕ್ಕ ಅಂತಲೇ ಕರೆಯುತ್ತೇನೆ), ಮೊದಲು ನಿಮ್ಮ ನಾದಿನಿಯ ಮಾತನ್ನು ಪಕ್ಕಕ್ಕಿಡಿ. ಮಗ ಹತ್ತನೇ ಕ್ಲಾಸು, ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 22 ಬಂದಿದೆ, ರಾತ್ರಿ ತಪ್ಪದೆ ಮನೆಪ್ರಾರ್ಥನೆ ಮಾಡುತ್ತೀರಿ, ಆದರೂ ಏನೂ ಬದಲಾಗಿಲ್ಲ, ಯಜಮಾನರು ಪರೀಕ್ಷೆ ಮುಗಿಯುವವರೆಗೆ ಸಂಡೇ ಸ್ಕೂಲು, ಕ್ವಾಯರು ಎರಡೂ ಬಂದ್ ಎನ್ನುತ್ತಾರೆ, ನಾದಿನಿ "ನಿಮ್ಮ ನಂಬಿಕೆ ಸಾಲದು" ಅಂದಿದ್ದಾಳೆ, ಅವನು ಓದುವ ಟೇಬಲ್ಲಿನ ಮೇಲೆ ಯಾವ ವಚನ ಅಂಟಿಸಲಿ. ಇಷ್ಟು ತಾನೇ ನೀವು ಕೇಳಿದ್ದು? ನಂಬಿಕೆ ಜಾಸ್ತಿಯಾದಷ್ಟೂ ಮಾರ್ಕ್ಸ್ ಜಾಸ್ತಿ ಅನ್ನೋ ಲೆಕ್ಕ ಇದ್ದಿದ್ದರೆ ನಮ್ಮ ಸಭೆಯ ಹಿರಿಯರ ಮಕ್ಕಳೆಲ್ಲ ಡಿಸ್ಟಿಂಕ್ಷನ್ ಬರಬೇಕಿತ್ತು. ಬಂದಿಲ್ಲ. ಕಣ್ಣಾರೆ ನೋಡಿದ್ದೇನೆ.

ನಾನು ಧಾರವಾಡದವನು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನನ್ನ ಮಗಳು 2024ರಲ್ಲಿ ಎಸ್ಸೆಸ್ಸೆಲ್ಸಿ ಬರೆದಳು. ಆ ವರ್ಷ ನಾನು ಮಾಡಿದ ಎಡವಟ್ಟುಗಳನ್ನೇ ಹೇಳುತ್ತೇನೆ. ಬುದ್ಧಿಮಾತಿಗಿಂತ ಅದೇ ನಿಮಗೆ ಉಪಯೋಗಕ್ಕೆ ಬರಬಹುದು.

ಜನವರಿಯ ಒಂದು ಭಾನುವಾರ. ಆರಾಧನೆಗೆ ಹೋಗುವಾಗ ಕನ್ನಡಕ ಮನೆಯಲ್ಲೇ ಮರೆತಿದ್ದೆ. ಮಗಳ ಸತ್ಯವೇದ (ಬೈಬಲ್) ಹೊಸದು, ಅಕ್ಷರ ಸ್ವಲ್ಪ ದಪ್ಪ, ಹಾಗಾಗಿ ಅವಳದನ್ನು ತೆಗೆದುಕೊಂಡೆ. ಅದಕ್ಕೊಂದು ನೇರಳೆ ಬಣ್ಣದ ಜಿಪ್ ಕವರ್. ಜಿಪ್ ಎಳೆದರೆ ಒಳಗಿನ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಗಣಿತದ ಉತ್ತರ ಪತ್ರಿಕೆ. 80ಕ್ಕೆ 19. ಪೋಷಕರ ಸಹಿ ಅಂತ ಬರೆದ ಜಾಗ ಖಾಲಿ. ನಾನು ದಿನಾ ಅವಳ ಸ್ಕೂಲ್ ಬ್ಯಾಗ್ ಚೆಕ್ ಮಾಡುತ್ತಿದ್ದೆ, ಸತ್ಯವೇದವನ್ನು ಯಾರೂ ಚೆಕ್ ಮಾಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಪ್ಪನಿಂದ ಒಂದು ಕಾಗದ ಬಚ್ಚಿಡಬೇಕೆಂದರೆ ಇಡೀ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ! ಈಗ ನಗು ಬರುತ್ತದೆ. ಅವತ್ತು ಮಾತ್ರ ಪ್ರಸಂಗದ (ಆರಾಧನೆಯ ಉಪದೇಶದ) ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

ರಾತ್ರಿ ಮನೆಪ್ರಾರ್ಥನೆಯಲ್ಲಿ ನಾನು ತೀರಿಸಿಕೊಂಡೆ. ಕಣ್ಣು ಮುಚ್ಚಿ, ದನಿ ತಗ್ಗಿಸಿ, "ಕರ್ತನೇ, ಈ ಹುಡುಗಿಗೆ ಮೊಬೈಲ್ ಬಿಡುವ ಬುದ್ಧಿ ಕೊಡು, ತಂದೆತಾಯಿಗೆ ಸುಳ್ಳು ಹೇಳದ ಮನಸ್ಸು ಕೊಡು, ಸಾಲ ಮಾಡಿ ಟ್ಯೂಷನ್ ಫೀ ಕಟ್ಟುವ ಅಪ್ಪನ ಕಷ್ಟ ಅವಳಿಗೆ ತಿಳಿಯುವಂತೆ ಮಾಡು" ಅಂತ ಉದ್ದಕ್ಕೆ ಹೋಯಿತು. ಆಮೆನ್ ಅಂದವಳು ನನ್ನ ಹೆಂಡತಿ ಒಬ್ಬಳೇ, ಅದೂ ಗಂಟಲಲ್ಲೇ. ಆಮೇಲೆ ಪಾತ್ರೆ ತೊಳೆಯುತ್ತಾ ಕೇಳಿದಳು, "ಈಗ ನೀವು ದೇವ್ರ ಕೂಡ ಮಾತಾಡಿದ್ರೋ, ಅಕಿ ಕೂಡನೋ?"

ಅಕ್ಕಾ, ಇದು ಬಹಳ ಮನೆಗಳಲ್ಲಿ ನಡೆಯುತ್ತದೆ. ಎದುರಿಗೆ ನಿಂತು ಬೈದರೆ ಮಗು ತಿರುಗಿ ಮಾತಾಡಬಹುದು. ಪ್ರಾರ್ಥನೆಯಲ್ಲಿ ಬೈದರೆ ಅದಕ್ಕೆ ಬಾಯೇ ಇಲ್ಲ, ದೇವರೂ ಅಪ್ಪನ ಕಡೆಗೇ ಅಂದುಕೊಂಡು ಸುಮ್ಮನಾಗುತ್ತದೆ. ನಿಮ್ಮ ಮನೆಪ್ರಾರ್ಥನೆಯಲ್ಲಿ ಮಗನ ಗಣಿತ ಎಷ್ಟು ಸಲ ಬರುತ್ತದೆ ಅಂತ ಒಂದು ವಾರ ಸುಮ್ನೆ ಗಮನಿಸಿ. ನಾವು ಆಮೇಲೆ ಒಂದು ನಿಯಮ ಮಾಡಿಕೊಂಡೆವು: ಅವಳ ಪರೀಕ್ಷೆಗೆ ಪ್ರಾರ್ಥನೆ ಬೇಕಾದರೆ ಅವಳೇ ಕೇಳಬೇಕು, ನಾವಾಗಿ ಎತ್ತುವಂತಿಲ್ಲ. ಎರಡು ವಾರ ಅವಳು ಕೇಳಲೇ ಇಲ್ಲ. ಮೂರನೇ ವಾರ, "ನಾಳೆ ತ್ರಿಕೋನಮಿತಿ ಟೆಸ್ಟ್ ಐತಿ" ಅಂದಳು, ಅಷ್ಟೇ. ನನಗೆ ಅಷ್ಟೇ ಸಾಕಾಗಿತ್ತು.

ಇನ್ನೊಂದು ಮಾತು. ನಮ್ಮವರು ಮಕ್ಕಳ ವಿಷಯ ಬಂದಾಗಲೆಲ್ಲ ಜ್ಞಾನೋಕ್ತಿ 22ನೇ ಅಧ್ಯಾಯದ 6ನೇ ವಚನ ಎತ್ತುತ್ತಾರೆ. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ಅಲ್ಲಿ ಹುಡುಗನನ್ನು "ಶಿಕ್ಷಿಸು" ಎಂದಿದೆ. ನನ್ನಪ್ಪ ಆ ಒಂದು ಪದ ಹಿಡಿದುಕೊಂಡೇ ನಮ್ಮ ಬೆನ್ನ ಮೇಲೆ ಬೆಲ್ಟ್ ಆಡಿಸಿದ. ಶಿಕ್ಷಣ, ಶಿಕ್ಷಕ, ಶಿಕ್ಷೆ ಮೂರೂ ಒಂದೇ ಬೇರಿನ ಮಾತು, ಅಲ್ಲಿ ಹೇಳಿರುವುದು ಹಾದಿ ತೋರಿಸಿ ರೂಢಿ ಮಾಡಿಸು ಅಂತ. ನಾವು ಅದರಲ್ಲಿ ಮೂರನೆಯದನ್ನು ಮಾತ್ರ ಓದಿಕೊಂಡೆವು. ಮಕ್ಕಳಿಗೆ ಸಿಟ್ಟು ಬರಿಸಬೇಡಿ ಎಂದು ಪೌಲ ಎಫೆಸದವರಿಗೆ ಬರೆದದ್ದಿದೆಯಲ್ಲ, ಆರನೇ ಅಧ್ಯಾಯದಲ್ಲಿ, ಅದನ್ನು ಹೆಸರು ಹಿಡಿದು ತಂದೆಗಳಿಗೇ ಹೇಳಿದ್ದು. ಅದನ್ನು ಯಾವ ಅಪ್ಪನೂ ಗೋಡೆಗೆ ನೇತು ಹಾಕಿದ್ದು ನಾನು ನೋಡಿಲ್ಲ.

ಟೇಬಲ್ಲಿಗೆ ಅಂಟಿಸುವ ವಚನದ ಬಗ್ಗೆ ಕೇಳಿದಿರಿ. ಎಲ್ಲರೂ ಕೊಡುವುದು ಎರಡು. ಒಂದು ಫಿಲಿಪ್ಪಿ 4:13, ನನ್ನನ್ನು ಬಲಪಡಿಸುವವನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನೋದು. ಇನ್ನೊಂದು ಯೆರೆಮೀಯ 29:11, ಒಳ್ಳೆಯದೇ ಆಗುವಂತೆ ದೇವರು ಯೋಚಿಸಿದ್ದಾನೆ ಅನ್ನೋದು. ಎರಡೂ ಒಳ್ಳೆಯ ವಚನ, ಆದರೆ ಪರೀಕ್ಷಾ ಪ್ಯಾಡಿನ ಮೇಲೆ ಒಂದೊಂದು ಸಾಲು ಕತ್ತರಿಸಿ ಅಂಟಿಸಿದಾಗ ಅರ್ಥ ತಪ್ಪುತ್ತದೆ. ಫಿಲಿಪ್ಪಿಯ ವಚನವನ್ನು ಪೌಲ ಬರೆದದ್ದು ಜೈಲಿನಿಂದ. ಅದರ ಹಿಂದಿನ ವಚನದಲ್ಲೇ ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದನ್ನು ಕಲಿತಿದ್ದೇನೆ ಎನ್ನುತ್ತಾನೆ. ನಮ್ಮ ಮಕ್ಕಳ ಭಾಷೆಗೆ ತಂದರೆ, 90 ಬಂದರೂ ತಡೆದುಕೊಳ್ಳುತ್ತೇನೆ, 19 ಬಂದರೂ ತಡೆದುಕೊಳ್ಳುತ್ತೇನೆ ಅಂದ ಹಾಗೆ. ಯೆರೆಮೀಯನದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಬರೆದ ಪತ್ರ. ಊರಿಗೆ ವಾಪಸಾಗಲು 70 ವರ್ಷ ಅಂತ ಅದರ ಹಿಂದಿನ ವಚನದಲ್ಲೇ ಇದೆ, ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅಂತ ಇನ್ನೂ ಮೇಲೆ ಇದೆ. ಮಾರ್ಚ್ ಒಳಗೆ ಎಲ್ಲ ಸರಿಹೋಗುತ್ತದೆ ಅನ್ನೋ ಭರವಸೆ ಅದರಲ್ಲಿಲ್ಲ. ನೀವು ಅಂಟಿಸಬೇಡಿ, ಅವನೇ ಆರಿಸಲಿ. ನನ್ನ ಮಗಳು ಕೊನೆಗೆ ಅಂಟಿಸಿದ್ದು ಸೂತ್ರಗಳ ಪಟ್ಟಿ, ಅದರ ಮೂಲೆಯಲ್ಲಿ ಸಣ್ಣದಾಗಿ "ನಾಳೆಯ ಚಿಂತೆ ನಾಳೆಗೆ" ಅಂತ ತನ್ನದೇ ಮಾತಿನಲ್ಲಿ.

ಇನ್ನು ಯಜಮಾನರ ವಾದ. ಅವರ ಮೇಲೆ ಸಿಟ್ಟಾಗಬೇಡಿ, ಹೆದರಿದ ಅಪ್ಪಂದಿರು ಮಾತಾಡುವುದೇ ಹಾಗೆ. ಆದರೆ ಇದನ್ನು ಹೇಳಿ ನೋಡಿ: 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲು ಶುರು ಮಾಡಿದ್ದೇ ವಾರವೆಲ್ಲ ಕೆಲಸಕ್ಕೆ ಹೋಗುವ ಬಡ ಮಕ್ಕಳಿಗೆ ಓದು ಕಲಿಸಲಿಕ್ಕೆ. ನಮ್ಮ ಕಡೆಗೂ ಅಷ್ಟೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆಮೇಲೆ ಧಾರವಾಡ, ಹುಬ್ಬಳ್ಳಿಗೂ ಬಂದರು, ದೇವಾಲಯದ ಜೊತೆಜೊತೆಗೇ ಶಾಲೆ ನಡೆಸಿದರು. ಓದಿಗೂ ಸಭೆಗೂ ಜಗಳ ಹಚ್ಚಿದ್ದು ನಾವು, ಟ್ಯೂಷನ್ನಿನ ಕಾಲದವರು. ಶನಿವಾರ ಸಂಜೆ ಒಂದು ಗಂಟೆ ಹಾಡಿ ಬಂದ ಹುಡುಗ ರಾತ್ರಿ ಕೂತು ಓದಿಯಾನು. ಮನೆಯಲ್ಲೇ ಕೂಡಿಹಾಕಿದ ಹುಡುಗ ಆ ಒಂದು ಗಂಟೆ ಪುಸ್ತಕ ತೆರೆದಿಟ್ಟು ಫ್ಯಾನ್ ನೋಡುತ್ತಾನೆ.

ಗಣಿತದ ಬಗ್ಗೆಯೂ ಎರಡು ಮಾತು, ಪ್ರಾರ್ಥನೆಯಿಂದ ಆಗದ್ದು ಇದು. ಉತ್ತರ ಪತ್ರಿಕೆ ಇಟ್ಟುಕೊಂಡು ಅವನ ಜೊತೆ ಕೂತು ಎಲ್ಲಿ ಮಾರ್ಕ್ಸ್ ಹೋಗಿದೆ ನೋಡಿ. ನಮ್ಮವಳಿಗೆ ಹತ್ತನೇ ಕ್ಲಾಸಿನ ಗಣಿತ ಬರುತ್ತಿರಲಿಲ್ಲ ಅನ್ನುವುದಕ್ಕಿಂತ ಏಳನೇ ಕ್ಲಾಸಿನ ಭಿನ್ನರಾಶಿಯೇ ಗಟ್ಟಿ ಇರಲಿಲ್ಲ, ಕೇಳಲು ನಾಚಿಕೆ. ಯೇಸು ಹನ್ನೆರಡು ವರ್ಷದವನಿದ್ದಾಗ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದನಂತಲ್ಲ, ಲೂಕ ಬರೆದಿದ್ದಾನೆ, ಅದನ್ನು ಅವಳಿಗೆ ನೆನಪಿಸಿದ್ದು ಅವಳ ಸಂಡೇ ಸ್ಕೂಲ್ ಟೀಚರು. ಆ ಟೀಚರೇ ಭಾನುವಾರ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಭಿನ್ನರಾಶಿ ಹೇಳಿಕೊಟ್ಟರು. ನಿಮ್ಮ ಸಭೆಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ, ಕೇಳಿ. ಇನ್ನೊಂದು, ನಮ್ಮವಳು ಬರೆದ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಇತ್ತು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಲೆಕ್ಕಕ್ಕೆ. ಈಗ ಎಷ್ಟು ಸಲ ಬರೆಯಬಹುದು ಅಂತ ಶಾಲೆಯಲ್ಲಿ ಕೇಳಿ, ಅವನಿಗೆ ಈಗಲೇ ಹೇಳಿ. "ಹೇಳಿದರೆ ಓದುವುದಿಲ್ಲ" ಅಂತ ನಾನು ಮುಚ್ಚಿಟ್ಟಿದ್ದೆ. ಅದೂ ಒಂದು ತಪ್ಪೇ.

ಆ ವರ್ಷ ಗುಡ್ ಫ್ರೈಡೇ ಮಾರ್ಚ್ 29ಕ್ಕೆ ಬಂತು, ಮರುದಿನ ವಿಜ್ಞಾನದ ಪೇಪರು. ನಮ್ಮಲ್ಲಿ ಹನ್ನೆರಡರಿಂದ ಮೂರರವರೆಗೆ ಆರಾಧನೆ, ಶಿಲುಬೆಯ ಮೇಲಿನ ಏಳು ಮಾತುಗಳಿಗೆ ಏಳು ಜನ ಪ್ರಸಂಗ ಮಾಡುತ್ತಾರೆ. ನನ್ನಮ್ಮ ಪೂರ್ತಿ ಕೂರಲೇಬೇಕು ಎಂದಳು. ಹೆಂಡತಿ ಮನೆಯಲ್ಲೇ ಓದಲಿ ಎಂದಳು. ಮಗಳು ಯಾರನ್ನೂ ಕೇಳದೆ ವಿಜ್ಞಾನದ ನೋಟ್ಸನ್ನು ಅದೇ ನೇರಳೆ ಕವರಿನಲ್ಲಿ ಹಾಕಿಕೊಂಡು ಬಂದಳು. ನಾಲ್ಕನೇ ಮಾತು ಮುಗಿಯುವವರೆಗೆ ಕೂತಿದ್ದಳು, ನನ್ನ ದೇವರೇ ಯಾಕೆ ಕೈಬಿಟ್ಟಿದ್ದೀ ಅನ್ನುವ ಮಾತು, ಆಮೇಲೆ ಮೆಲ್ಲಗೆ ಎದ್ದು ಮನೆಗೆ ಹೋಗಿ ವಿದ್ಯುಚ್ಛಕ್ತಿ ಪಾಠ ಓದಿದಳು. ಸರಿಯೋ ತಪ್ಪೋ ಅಂತ ನಾನು ತೀರ್ಪು ಕೊಡಲು ಹೋಗಲಿಲ್ಲ.

ಮೇ 9ಕ್ಕೆ ರಿಸಲ್ಟ್. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ಬಿಗಿಯಾಗಿತ್ತು, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿದಿತ್ತು. ನಮ್ಮವಳು ಪಾಸಾದಳು. ಗಣಿತದಲ್ಲಿ ಇಂಟರ್ನಲ್ಸ್ ಸೇರಿ 100ಕ್ಕೆ 47. ಅದ್ಭುತ ಅಂತ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವಂಥದ್ದೇನಲ್ಲ.

ನಮ್ಮ ಸಭೆಯಲ್ಲಿ ರಿಸಲ್ಟ್ ಬಂದ ಭಾನುವಾರ ಸ್ತೋತ್ರ ಕಾಣಿಕೆ (ದೇವರಿಗೆ ಕೃತಜ್ಞತೆಯಾಗಿ ಕೊಟ್ಟ ದುಡ್ಡು) ಓದುತ್ತಾರೆ, ಇಂಥವರ ಮಗ ಇಷ್ಟು ಪರ್ಸೆಂಟ್ ಪಾಸಾದದ್ದಕ್ಕೆ ಅಂತ. ಫೇಲಾದ ಮಕ್ಕಳೂ ಅದೇ ಬೆಂಚುಗಳಲ್ಲಿ ಕೂತಿರುತ್ತಾರೆ, ಅದು ಯಾರಿಗೂ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ. ನನ್ನಮ್ಮ 101 ರೂಪಾಯಿ ಕವರಿಗೆ ಹಾಕಿ ಮಗಳ ಹೆಸರು ಬರೆದಿಟ್ಟಿದ್ದಳು. ಮಗಳು ಕೊಡಬೇಡ ಎಂದಳು. ಅವಳ ಜೊತೆ ಸಂಡೇ ಸ್ಕೂಲಿಗೆ ಬರುವ ಗೆಳತಿ ಗಣಿತದಲ್ಲಿ ಹೋಗಿದ್ದಳು, "ಅಕಿದೂ ಆಗ್ಲಿ, ಕೂಡೇ ಕೊಡೋಣು" ಅಂತ. ದೇವರ ದುಡ್ಡು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅಮ್ಮ ಮುನಿಸಿಕೊಂಡಳು, ನನಗೂ ಇದು ಅತಿಯಾಯಿತು ಅನಿಸಿತು. ಜೂನಿನ ಪರೀಕ್ಷೆಯಲ್ಲೂ ಆ ಹುಡುಗಿಗೆ ಆಗಲಿಲ್ಲ. ಕವರು ಕ್ಯಾಲೆಂಡರಿನ ಹಿಂದೆ ಮೊಳೆಗೆ ಸಿಕ್ಕಿಸಿಕೊಂಡು ಹಾಗೇ ಇತ್ತು. ಆಗಸ್ಟಿನ ಮೂರನೇ ಪರೀಕ್ಷೆಯಲ್ಲಿ ಪಾಸಾದಳು. ಆಮೇಲಿನ ಭಾನುವಾರ ಒಂದೇ ಚೀಟಿಯಲ್ಲಿ ಇಬ್ಬರ ಹೆಸರೂ ಓದಿದರು, ಪರ್ಸೆಂಟ್ ಇಲ್ಲದೆ. ಮೊತ್ತ 202 ರೂಪಾಯಿ ಅಂದಾಗ ನಾನು ಅಮ್ಮನ ಮುಖ ನೋಡಿದೆ. ಅವಳು ಕೀರ್ತನೆ ಪುಸ್ತಕದ ಪುಟ ತಿರುವುತ್ತಿದ್ದಳು.