ಮೇಲ್ಮನವಿ ಪೀಠದ ಶ್ರೀನಿವಾಸನ್

ಪ್ರಶ್ನೆ: ನಾನು ರಾಯಚೂರಿನಲ್ಲಿ ಎಲ್‌ಎಲ್‌.ಬಿ. ಓದುತ್ತಿದ್ದೇನೆ. ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದಕ್ಕೆ ಭಾರತ ಮೂಲದ ಶ್ರೀನಿವಾಸನ್ ಎಂಬವರು ಮುಖ್ಯ ನ್ಯಾಯಾಧೀಶರಾದರೆಂದು ಕೇಳಿದೆ. ಅದು ನಮ್ಮ ಹೈಕೋರ್ಟಿನಂಥದ್ದೇ? ಅವರು ಆ ಪೀಠಕ್ಕೆ ಏರಿದ್ದು ಹೇಗೆ?
— ಓದುಗರು, ಸಿಂಧನೂರು

ಉತ್ತರ: ಹೋಲಿಕೆ ಇದೆ, ಆದರೆ ಪೂರ್ತಿಯಾಗಿ ಅಲ್ಲ. ರಾಯಚೂರಿನ ಜಿಲ್ಲಾ ನ್ಯಾಯಾಲಯದ ತೀರ್ಪು ಒಪ್ಪಿಗೆಯಾಗದ ಕಕ್ಷಿದಾರರು ಕಲಬುರಗಿ ಪೀಠದ ಮೆಟ್ಟಿಲು ಹತ್ತುವಂತೆ (2008ಕ್ಕೆ ಮೊದಲು ಕಾಗದಪತ್ರದ ಗಂಟು ಹಿಡಿದು ಬೆಂಗಳೂರಿಗೇ ಹೋಗಬೇಕಿತ್ತೆಂಬುದನ್ನು ನಿಮ್ಮೂರಿನ ಹಿರಿಯ ವಕೀಲರು ಮರೆತಿರಲಾರರು), ಅಲ್ಲಿಯ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಸೋತವರು ತಮ್ಮ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುತ್ತಾರೆ. ಅಂಥವು ಒಟ್ಟು 13. ಸಾಮಾನ್ಯವಾಗಿ ಮೂವರು ನ್ಯಾಯಾಧೀಶರು ಕೂತು ಕೇಳುತ್ತಾರೆ. ಸಾಕ್ಷಿಗಳಿಲ್ಲ, ಪಾಟೀಸವಾಲಿಲ್ಲ, ಕೆಳಗಿನ ಕೋರ್ಟಿನ ದಾಖಲೆ, ಲಿಖಿತ ವಾದ ಮತ್ತು ಕೆಲವು ನಿಮಿಷಗಳ ಮೌಖಿಕ ವಾದ ಇಷ್ಟರ ಮೇಲೆಯೇ ತೀರ್ಪು ನಿಲ್ಲುತ್ತದೆ.

ಶ್ರೀನಿವಾಸನ್ ಹುಟ್ಟಿದ್ದು 1967ರಲ್ಲಿ, ಚಂಡೀಗಢದಲ್ಲಿ. ಬೆಳೆದದ್ದು ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ, ತಂದೆ ಗಣಿತದ ಪ್ರಾಧ್ಯಾಪಕರು. ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನಿನ ಜೊತೆಗೆ ವ್ಯವಹಾರ ಆಡಳಿತವನ್ನೂ ಓದಿ 1995ರಲ್ಲಿ ಹೊರಬಂದ ಮೇಲೆ ಮೊದಲು ಒಬ್ಬ ಮೇಲ್ಮನವಿ ನ್ಯಾಯಾಧೀಶರಲ್ಲಿ, ಬಳಿಕ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರಲ್ಲಿ ಕಾನೂನು ಗುಮಾಸ್ತರಾಗಿ ದುಡಿದರು. ನಮ್ಮ ಕೋರ್ಟುಗಳಲ್ಲಿ ಗುಮಾಸ್ತ ಎಂದರೆ ವಕೀಲರ ಫೈಲು ಹೊತ್ತು ತಾರೀಖು ಬರೆದುಕೊಳ್ಳುವವರು. ಅಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ಕೂತು ದಾಖಲೆ ಓದಿ, ಟಿಪ್ಪಣಿ ಬರೆದು, ಕರಡು ಸಿದ್ಧಪಡಿಸುವ ಯುವ ಪದವೀಧರರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ನಿಜವಾದ ಪಾಠಶಾಲೆ ಇದೇ.

ಮುಂದೆ ಸರ್ಕಾರದ ಪರವಾಗಿಯೂ ಖಾಸಗಿಯಾಗಿಯೂ ಸುಪ್ರೀಂ ಕೋರ್ಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಕರಣಗಳನ್ನು ವಾದಿಸಿದರು. ರಾಜಧಾನಿ ವಾಷಿಂಗ್ಟನ್ ಡಿ.ಸಿ. ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಅಧ್ಯಕ್ಷ ಒಬಾಮಾ 2012ರಲ್ಲಿ ಹೆಸರು ಸೂಚಿಸಿದರೂ ಸೆನೆಟ್ ಒಪ್ಪಿದ್ದು 2013ರ ಮೇ 23ರಂದು, 97–0 ಮತಗಳಿಂದ. ಫೆಡರಲ್ ಮೇಲ್ಮನವಿ ಪೀಠ ಏರಿದ ದಕ್ಷಿಣ ಏಷ್ಯಾ ಮೂಲದ ಮೊದಲಿಗರಾದ ಅವರು ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು. ಅಂತರ್ಜಾಲ ಸಂಪರ್ಕ ಒದಗಿಸುವ ಕಂಪನಿಗಳು ಎಲ್ಲ ಜಾಲತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬ ನಿಯಮವನ್ನು 2016ರಲ್ಲಿ ಎತ್ತಿಹಿಡಿದ ತೀರ್ಪನ್ನು ಸಹ ನ್ಯಾಯಾಧೀಶ ಡೇವಿಡ್ ಟೇಟಲ್ ಅವರೊಂದಿಗೆ ಬರೆದವರು ಇವರೇ. 2020ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಾಧೀಶರಾದದ್ದು ಯಾರ ನೇಮಕದಿಂದಲೂ ಅಲ್ಲ, 65 ತುಂಬದವರಲ್ಲಿ ಸೇವಾ ಹಿರಿತನದಿಂದ. ನಮ್ಮ ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62ಕ್ಕೆ ನಿವೃತ್ತಿ. ಅಲ್ಲಿ ನಡತೆ ಸರಿಯಿರುವವರೆಗೆ, ಅಂದರೆ ಜೀವನಪರ್ಯಂತ ನ್ಯಾಯಾಧೀಶರ ಹುದ್ದೆ.

ನಮ್ಮ ಹೈಕೋರ್ಟಿನಲ್ಲಿಯೂ ನ್ಯಾಯಮೂರ್ತಿಗಳಿಗೆ ನೆರವಾಗಲು ಕಾನೂನು ಗುಮಾಸ್ತ ಹಾಗೂ ಸಂಶೋಧನಾ ಸಹಾಯಕರನ್ನು ತೆಗೆದುಕೊಳ್ಳುತ್ತಾರೆ. ಕೊನೆಯ ವರ್ಷದಲ್ಲಿ ಹೈಕೋರ್ಟಿನ ಅಧಿಸೂಚನೆಗಳ ಮೇಲೆ ಕಣ್ಣಿಟ್ಟಿರಿ. ಅದಕ್ಕೂ ಮುನ್ನ ಬಿಡುವಾದಾಗ ಕಲಬುರಗಿ ಪೀಠದಲ್ಲಿ ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ಮೇಲ್ಮನವಿಯ ವಾದ ಕೇಳಿ ಬನ್ನಿ.