ಗುಹೆಯೊಳಗೆ ಹೋದರೆ ಆ್ಯಪ್ ತಪ್ಪು ವಿವರಣೆ ಕೊಡುವುದೇಕೆ?

ಪ್ರಶ್ನೆ: ಬಾದಾಮಿ, ಪಟ್ಟದಕಲ್ಲಿಗೆ ಬರುವ ಪ್ರವಾಸಿಗರಿಗಾಗಿ ನಾವು ಕೆಲವು ಸ್ನೇಹಿತರು ಸೇರಿ ಕನ್ನಡದಲ್ಲಿ ವಿವರಣೆ ಕೇಳಿಸುವ ಆ್ಯಪ್ ಸಿದ್ಧಪಡಿಸುತ್ತಿದ್ದೇವೆ. ನಿಂತ ಜಾಗ ಗುರುತಿಸಿ ಮಾತು ತಾನಾಗಿಯೇ ಶುರುವಾಗಬೇಕೆಂಬುದು ನಮ್ಮ ಆಸೆ. ಆದರೆ ಬಾದಾಮಿಯ ಮೂರನೆಯ ಗುಹೆಯಲ್ಲಿದ್ದರೆ ಎರಡನೆಯದರ ವಿವರಣೆ ಬರುತ್ತದೆ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳ ವಿವರಣೆಗಳು ಅದಲುಬದಲಾಗುತ್ತವೆ. ಎಲ್ಲೆಡೆ ಬೀಕನ್ (ಬ್ಲೂಟೂತ್ ಸಂಕೇತ ಹೊರಡಿಸುವ ಪುಟ್ಟ ಸಾಧನ) ಅಳವಡಿಸಬೇಕೆ? ಮುಂದೆ ಗೋಳಗುಮ್ಮಟವನ್ನೂ ಸೇರಿಸುವ ಯೋಚನೆಯಿದೆ.
– ಓದುಗರು, ಗುಳೇದಗುಡ್ಡ

ಉತ್ತರ: ಬೀಕನ್ ಇಲ್ಲದೆಯೂ ನಿಮ್ಮ ತೊಂದರೆಯ ಬಹುಪಾಲು ಬಗೆಹರಿಯುತ್ತದೆ. ಮೊಬೈಲಿನ ಜಿಪಿಎಸ್‌ನಲ್ಲಿ ತೆರೆದ ಬಯಲಿನಲ್ಲೂ ಸುಮಾರು 5 ಮೀಟರ್ ಹೆಚ್ಚುಕಡಿಮೆ ಆಗುವುದು ಸಹಜ. ಮೇಣಬಸದಿಯ, ಅಂದರೆ ಬಾದಾಮಿಯ ಗುಹೆಗಳ, ಮುಂದೆ ನಿಂತಾಗ ಕೆಂಪು ಬಂಡೆ ಅರ್ಧ ಆಕಾಶವನ್ನೇ ಮರೆಮಾಡುತ್ತದೆ. ಉಪಗ್ರಹದ ಕೆಲವು ಸಂಕೇತಗಳು ಬಂಡೆಗೆ ಬಡಿದು, ಸುತ್ತಿ ಬಂದು ಲೆಕ್ಕ ಕೆಡಿಸುತ್ತವೆ. ಒಳಗೆ ಕಾಲಿಟ್ಟರಂತೂ ಸಂಕೇತ ಸಿಗುವುದೇ ಕಷ್ಟ. ಗುಹೆಗಳು ಬೇರೆ ಬೇರೆ ಎತ್ತರದಲ್ಲಿವೆ, ಅದರಿಂದ ಗುರುತಿಸೋಣ ಎಂದರೆ ಆ ಲೆಕ್ಕದಲ್ಲಿ ಜಿಪಿಎಸ್ ಇನ್ನೂ ದುರ್ಬಲ.

ಆದರೆ ಬಾದಾಮಿಯಲ್ಲಿ ಮೆಟ್ಟಿಲೇ ದಾರಿ ತೋರಿಸುತ್ತದೆ. ಜನ ಒಂದರಿಂದ ನಾಲ್ಕರವರೆಗೆ ಕ್ರಮವಾಗಿ ನೋಡುತ್ತಾ ಹೋಗುತ್ತಾರೆ. ಆ್ಯಪ್‌ನಲ್ಲಿ ‘ಮುಂದಿನ ಗುಹೆ’ ಎಂಬ ದೊಡ್ಡ ಬಟನ್ ಸಾಕು.

ಮೂರನೆಯ ಗುಹೆಯನ್ನೇ ನೋಡಿ. ಚಾಲುಕ್ಯರ ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನವಿರುವ ಈ ಗುಹೆಯ ಮೊಗಸಾಲೆಯಲ್ಲಿ ಅನಂತನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ, ತ್ರಿವಿಕ್ರಮ, ಎಲ್ಲವೂ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ. ತಲೆ ಎತ್ತಿದರೆ ಕಂಬದ ಮೇಲಿನ ದಂಪತಿ ಶಿಲ್ಪಗಳು, ಅದರಾಚೆ ಛಾವಣಿಯ ಕೆತ್ತನೆ. ಕಾಲು ಎಲ್ಲಿದೆ ಎಂಬುದನ್ನು ಯಂತ್ರ ಹೇಳೀತು, ಕಣ್ಣು ಎಲ್ಲಿದೆ ಎಂದು ಹೇಳಲಾರದು. ಆದ್ದರಿಂದ ಪರದೆಯ ಮೇಲೆ ಆ ಶಿಲ್ಪಗಳ ಚಿಕ್ಕ ಚಿತ್ರಗಳನ್ನಿಡಿ, ಕಂಡದ್ದನ್ನು ಪ್ರವಾಸಿಗರೇ ಮುಟ್ಟಲಿ. ನೂರು ಆಯ್ಕೆಗಳನ್ನು ಐದಕ್ಕೆ ಇಳಿಸುವುದಷ್ಟೇ ಸ್ಥಳ ಗುರುತಿಸುವ ತಂತ್ರಜ್ಞಾನದ ಕೆಲಸವಾಗಬೇಕು. ಕೊನೆಯ ಆಯ್ಕೆ ನೋಡುವವರದು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಪಟ್ಟದಕಲ್ಲಿನ ಕಥೆ ಬೇರೆ. ಅಲ್ಲಿ ಹುಲ್ಲುಹಾಸು, ತೆರೆದ ಆಕಾಶ. ನೀವು ಬಹುಶಃ ಜಿಯೊಫೆನ್ಸ್ ಬಳಸಿದ್ದೀರಿ, ಅಂದರೆ ಫೋನು ಒಳಬಂದೊಡನೆ ಆ್ಯಪ್‌ಗೆ ತಿಳಿಸುವ, ನಕ್ಷೆಯ ಮೇಲಿನ ಕಾಣದ ಬೇಲಿ. ಅದರ ವೃತ್ತದ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂಬುದು ಆಂಡ್ರಾಯ್ಡ್ ಅಭಿವೃದ್ಧಿಗಾರರಿಗೆ ಗೂಗಲ್ ಕೊಡುವ ಸಲಹೆ. ಅಷ್ಟು ದೊಡ್ಡ ವೃತ್ತದಲ್ಲಿ ಹಲವು ಗುಡಿಗಳು ಒಟ್ಟಿಗೆ ಸಿಕ್ಕಿಬೀಳುತ್ತವೆ. ಆವರಣ ಸಮೀಪಿಸಿದಾಗ ಆ್ಯಪ್ ಎಚ್ಚರಗೊಳ್ಳಲು ಮಾತ್ರ ಅದನ್ನು ಬಳಸಿ. ಒಳಗೆ ಪ್ರತಿ ಗುಡಿಯ ಸುತ್ತಳತೆಯನ್ನು ನಕ್ಷೆಯಲ್ಲಿ ಗುರುತಿಸಿ, ಫೋನು ಅದರೊಳಗೆ ಹತ್ತು ಸೆಕೆಂಡಾದರೂ ನಿಂತ ಮೇಲೆ ಮಾತು ಶುರುವಾಗಲಿ. ಅನುಮಾನವಿದ್ದರೆ ಎರಡೂ ಗುಡಿಗಳ ಚಿತ್ರ ತೋರಿಸಿ ಕೇಳಲಿ. ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ ಕಟ್ಟಿಸಿದ ಈ ಗುಡಿಗಳು ನೋಡಲು ಬಹಳ ಹೋಲುತ್ತವೆ. ವಿವರಣೆ ಅದಲುಬದಲಾದರೆ ಹೊಸಬರಿಗೆ ಗೊತ್ತೇ ಆಗದು. ತಪ್ಪನ್ನೇ ನಿಜವೆಂದು ನಂಬಿ ಊರಿಗೆ ಮರಳುತ್ತಾರೆ, ಅದು ಆಗಬಾರದು.

ಇನ್ನು ಬೀಕನ್. ಅದರ ಬ್ಲೂಟೂತ್ ಸಂಕೇತವನ್ನು ಮನುಷ್ಯರ ಮೈ ಹೀರಿಕೊಳ್ಳುತ್ತದೆ, ಹಾಗಾಗಿ ರಜೆಯ ದಿನದ ಜನಜಂಗುಳಿಯಲ್ಲಿ ಅಳತೆ ಏರುಪೇರಾಗುತ್ತದೆ. ಬ್ಯಾಟರಿ ಬದಲಿಸುವವರೂ ಬೇಕು. ಮೇಲಾಗಿ ಇವು 1958ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕಗಳು. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಚೀಟಿಯನ್ನೂ ಅಂಟಿಸುವಂತಿಲ್ಲ. ಅನುಮತಿ ಕೇಳುವುದಾದರೆ ಪ್ರವೇಶದ್ವಾರದಲ್ಲಿ ಒಂದು ಕ್ಯೂಆರ್ ಫಲಕಕ್ಕೆ ಕೇಳಿ. ಆಡಿಯೊ ಅಲ್ಲೇ ಇಳಿಸಿಕೊಳ್ಳಲಿ: 64 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 64 ಕಿಲೋಬಿಟ್ ದತ್ತಾಂಶ) ಒಂದು ನಿಮಿಷದ ಮಾತಿಗೆ ಅರ್ಧ ಎಂಬಿ ಸಾಕು, ಒಂದು ಗಂಟೆಗೆ 30 ಎಂಬಿಯೂ ಬೇಡ. ಆಮೇಲೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ.

ಗೋಳಗುಮ್ಮಟದಲ್ಲಿ ಮಾತ್ರ ನಿಯಮ ಬದಲಿಸಿ. ಪಿಸುಮಾತಿನ ಮೊಗಸಾಲೆಯಲ್ಲಿ ಸಣ್ಣ ಸದ್ದೂ ಹಲವು ಬಾರಿ ಮರುಕಳಿಸುತ್ತದೆ. ಹತ್ತಾರು ಫೋನುಗಳು ಒಟ್ಟಿಗೆ ಮಾತಾಡಿದರೆ ಜನ ಕೇಳಲೆಂದೇ ಬಂದದ್ದು ಕೇಳಿಸದು. ವಿವರಣೆಯನ್ನು ಕೆಳಗೆ, ಮೆಟ್ಟಿಲು ಹತ್ತುವ ಮೊದಲೇ ಮುಗಿಸಿ. ಮೇಲೆ ಧ್ವನಿ ಬೇಡ, ಪರದೆಯ ಮೇಲೆ ಎರಡು ಸಾಲು ಬರಹವಿದ್ದರೆ ಸಾಕು.